ಪೆಟ್ರೋಲ್ ಹಾಕಿಸಿದ ಮೇಲೆ ಗಾಡಿಯೊಳಗೆ ವಾಸನೆ: ಎರಡು ದಿನಕ್ಕೆ ತಾನೇ ಹೋಯಿತೆಂದು ಸುಮ್ಮನಿರಬೇಡಿ



ಸಂಘದ ಉಳಿತಾಯ, ಮಕ್ಕಳ ಪೌಷ್ಟಿಕ ಆಹಾರ, ವಿಧವಾ ವೇತನದ ಅರ್ಜಿ ಮುಂತಾದ ವಿಷಯಗಳು ಬರುವ ಈ ಪುಟದಲ್ಲಿ ಕಾರಿನ ಪೆಟ್ರೋಲ್ ವಾಸನೆಯ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಇದೆ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಸೆಕೆಂಡ್ ಹ್ಯಾಂಡ್ ಓಮ್ನಿ, ಮಾರುತಿ 800, ಆಲ್ಟೊ ಗಾಡಿಗಳು ಇವತ್ತಿಗೂ ಓಡುತ್ತಿವೆ. ಮಾರುತಿ 800 ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿ 2019ರಲ್ಲಿ ನಿಂತಿತು. ಅಂದರೆ ನಮ್ಮ ಕಡೆ ಇರುವ ಗಾಡಿಗಳೆಲ್ಲ ವಯಸ್ಸಾದವೇ. ಕೆಲವನ್ನು ನಮ್ಮ ಸಂಘದವರೇ ಸಾಲ ಮಾಡಿ ಕೊಂಡಿದ್ದಾರೆ. ರಾತ್ರಿ ಹೊತ್ತು ಹೆರಿಗೆ ನೋವು ಬಂದರೂ, ಮಗುವಿಗೆ ಜ್ವರ ಏರಿದರೂ ಪಕ್ಕದ ಮನೆಯ ಆ ಹಳೇ ಗಾಡಿಯೇ ಗತಿ. ಐದು ಜನ ಕೂರುವ ಕಡೆ ಎಂಟು ಜನ ಕೂತು ಹೋಗುವುದೂ ಉಂಟು.

ನಮ್ಮ ಕೇಂದ್ರದ ಓಮ್ನಿಯ ಕಥೆಯನ್ನೇ ಹೇಳುತ್ತೇನೆ. ನಾಚಿಕೆಯ ಕಥೆ, ಆದರೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಏಳು ತಿಂಗಳ ಬಸುರಿ ಹುಡುಗಿಯೊಬ್ಬಳನ್ನು, ಅವಳ ಅತ್ತೆಯನ್ನು, ಸಂಘದ ಇನ್ನಿಬ್ಬರು ಹೆಂಗಸರನ್ನು ಕೂರಿಸಿಕೊಂಡು ಸ್ಕ್ಯಾನಿಂಗ್ ಮಾಡಿಸಲು ಚಿಂತಾಮಣಿಗೆ ಹೊರಟೆವು. ದಾರಿಯಲ್ಲಿ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿದ್ದಾಯಿತು. ಹತ್ತು ನಿಮಿಷಕ್ಕೆ ಹುಡುಗಿ ವಾಂತಿ ಮಾಡಿಕೊಂಡಳು. ಬಸುರಿ ಅಲ್ವಾ, ಆಗುತ್ತೆ ಅಂದುಕೊಂಡೆವು. ಪೆಟ್ರೋಲ್ ವಾಸನೆ ಸ್ವಲ್ಪ ಇತ್ತು. ಅದು ಹೋಗಲಿ ಅಂತ ಡ್ರೈವರ್ ಡ್ಯಾಶ್‌ಬೋರ್ಡಿನ ಮೇಲೆ ಊದುಬತ್ತಿ ಹಚ್ಚಿಟ್ಟರು. ನಾನು ಮುಂದಿನ ಸೀಟಿನಲ್ಲೇ ಕೂತಿದ್ದೆ, ಒಂದು ಮಾತೂ ಆಡಲಿಲ್ಲ. ಟೀ ಅಂಗಡಿಯ ಹತ್ತಿರ ನಿಲ್ಲಿಸಿದಾಗ ಅಲ್ಲಿ ಕೂತಿದ್ದ ತಾತ ಒಬ್ಬರು ಎದ್ದು ಬಂದು, “ಏನ್ ಸಿಸ್ಟರಮ್ಮ, ಗಾಡಿ ಕೆಳಗೆ ಪೆಟ್ರೋಲ್ ತೊಟ್ಟಿಕ್ತಾ ಇದೆ, ಒಳಗೆ ಊದುಬತ್ತಿ ಹಚ್ಚಿಕೊಂಡು ಕೂತಿದ್ದೀರಲ್ಲ!” ಅಂದರು. ಬಗ್ಗಿ ನೋಡಿದರೆ ನಿಜ. ಎಲ್ಲರನ್ನೂ ಇಳಿಸಿ ಬಸ್ಸಿನಲ್ಲಿ ಕಳಿಸಿದೆ.

ಆಮೇಲೆ ಯೋಚನೆ ಮಾಡಿದರೆ, ಮೂರು ತಿಂಗಳಿಂದ ಹೀಗೇ ಆಗುತ್ತಿತ್ತು. ಟ್ಯಾಂಕ್ ಫುಲ್ ಮಾಡಿಸಿದ ದಿನ ವಾಸನೆ, ಮರುದಿನ ಕಡಿಮೆ, ಮೂರನೇ ದಿನ ಇಲ್ಲವೇ ಇಲ್ಲ. ಒಂದು ಸಲ ಗ್ಯಾರೇಜಿಗೂ ತೋರಿಸಿದ್ದೆವು. ಅಲ್ಲಿಯವರು ಕೆಳಗೆ ಮಲಗಿ ನೋಡಿ “ಏನೂ ಲೀಕ್ ಇಲ್ಲ ಸಿಸ್ಟರ್” ಎಂದು ಕಳಿಸಿದ್ದರು. ಅವರು ಸುಳ್ಳು ಹೇಳಲಿಲ್ಲ. ನಾವು ಹೋದ ದಿನ ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಇತ್ತು, ಅಷ್ಟೆ.

ಇದಕ್ಕಿಂತ ನನಗೆ ಹೆಚ್ಚು ಚುಚ್ಚಿದ್ದು ಬೇರೆ. ಹಿಂದೆ ಕೂರುತ್ತಿದ್ದ ಹೆಂಗಸರಿಗೆ ಈ ವಾಸನೆ ಮೊದಲಿಂದಲೂ ಗೊತ್ತಿತ್ತು. ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ ಆ ಅತ್ತೆ, “ನಿಮ್ಮ ಗಾಡೀಲಿ ಬಿಟ್ಟಿ ಬರೋರು ನಾವು, ವಾಸನೆ ಅಂತ ಹೆಂಗಮ್ಮ ಹೇಳೋದು?” ಅಂದರು. ಇಷ್ಟು ವರ್ಷ ಜನರ ಜೊತೆ ಕೆಲಸ ಮಾಡಿಯೂ ಈ ಒಂದು ಮಾತು ನನಗೆ ಹೊಳೆದಿರಲಿಲ್ಲ.

ವಾಸನೆ ಯಾಕೆ ಬರುತ್ತೆ, ಯಾಕೆ ಹೋಗುತ್ತೆ?

ನಮ್ಮ ಗಾಡಿಯಲ್ಲಿ ಆಗಿದ್ದು ಇಷ್ಟು. ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ದಪ್ಪನೆಯ ರಬ್ಬರ್ ಪೈಪ್ ಹೋಗುತ್ತದೆ. ನಮ್ಮ ಶೆಡ್ಡಿನಲ್ಲಿ ಕಡಲೆಕಾಯಿ ಮೂಟೆಗಳ ಪಕ್ಕದಲ್ಲೇ ಗಾಡಿ ನಿಲ್ಲುತ್ತಿತ್ತು. ಕಡಲೆಕಾಯಿಗೆ ಬಂದ ಇಲಿ ಪೈಪನ್ನೂ ಕಡಿದಿತ್ತು. ಟ್ಯಾಂಕ್ ತುಂಬಿದಾಗ ಪೆಟ್ರೋಲ್ ಆ ಪೈಪಿನವರೆಗೂ ಬಂದು ನಿಲ್ಲುತ್ತದೆ, ಕಡಿದ ಜಾಗದಿಂದ ಜಿನುಗುತ್ತದೆ. ನಾಲ್ಕೈದು ಲೀಟರ್ ಖರ್ಚಾದ ಮೇಲೆ ಮಟ್ಟ ಕೆಳಗಿಳಿಯುತ್ತದೆ, ಜಿನುಗುವುದು ನಿಲ್ಲುತ್ತದೆ, ವಾಸನೆಯೂ ಹೋಗುತ್ತದೆ. ತೂತು ಮಾತ್ರ ಅಲ್ಲೇ ಇರುತ್ತದೆ. ಆದ್ದರಿಂದ ವಾಸನೆ ಹೋಯಿತು ಅಂದರೆ ರಿಪೇರಿ ಆಯಿತು ಅಂತಲ್ಲ, ಪೆಟ್ರೋಲ್ ತೂತಿಗಿಂತ ಕೆಳಗೆ ಇಳಿಯಿತು ಅಂತ ಅರ್ಥ. ಮೆಕ್ಯಾನಿಕ್ ಹತ್ತಿರ ಹೋಗುವಾಗ ವಾಸನೆ ಬರುವ ದಿನವೇ, ಟ್ಯಾಂಕ್ ತುಂಬಿರುವಾಗಲೇ ಹೋಗಬೇಕು. ಗ್ಯಾರೇಜ್ ಹತ್ತಿರದಲ್ಲೇ ಇದ್ದು ವಾಸನೆ ಅಲ್ಪವಾಗಿದ್ದರೆ ಡ್ರೈವರ್ ಒಬ್ಬರೇ ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಹೋಗಲಿ. ತೊಟ್ಟಿಕ್ಕುತ್ತಿದ್ದರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ, ಮೆಕ್ಯಾನಿಕ್ಕನ್ನೇ ಕರೆಸಿ.

ಬಂಕಿನಲ್ಲಿ ನಾವು ಮಾಡುವ ತಪ್ಪು

ಎಲ್ಲಾ ವಾಸನೆಯೂ ಲೀಕ್ ಅಲ್ಲ. ಎಷ್ಟೋ ಸಲ ತಪ್ಪು ಬಂಕಿನಲ್ಲೇ ಆಗಿರುತ್ತದೆ. ಪೆಟ್ರೋಲ್ ಬಿಡುವ ಗನ್ನಿನ ಮೂತಿಯಲ್ಲಿ ಒಂದು ಸಣ್ಣ ತೂತು ಇದೆ, ಅದರ ಮೂಲಕ ಅದು ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಪೆಟ್ರೋಲ್ ಮೇಲೇರಿ ಆ ತೂತನ್ನು ಮುಚ್ಚಿದ ಕೂಡಲೇ ಗಾಳಿ ನಿಂತು, ಗನ್ ಟಕ್ ಎಂದು ಬಂದ್ ಆಗುತ್ತದೆ. ಇದನ್ನೇ ಆಟೋ ಕಟ್ ಅನ್ನುವುದು. ಆಗ ಟ್ಯಾಂಕಿನ ಮೇಲ್ಭಾಗದಲ್ಲಿ ಸ್ವಲ್ಪ ಖಾಲಿ ಜಾಗ ಉಳಿದಿರುತ್ತದೆ. ಅದು ದಂಡದ ಜಾಗವಲ್ಲ, ಬೇಕೆಂದೇ ಬಿಟ್ಟಿರುವುದು.

ಆದರೆ ನಾವು ಅಲ್ಲಿಗೆ ಬಿಡುತ್ತೇವೆಯೇ? ಬಂಕಿನ ಹುಡುಗ “ರೌಂಡ್ ಮಾಡ್ಲಾ ಅಕ್ಕ?” ಅನ್ನುತ್ತಾನೆ. 1,860 ಇದ್ದದ್ದನ್ನು 1,900 ಮಾಡಲು ಟಕ್, ಟಕ್ ಅಂತ ಮತ್ತೆ ಮತ್ತೆ ಒತ್ತುತ್ತಾನೆ. ಕೆಲವರು ಗಾಡಿ ಅಲ್ಲಾಡಿಸಿ ಇನ್ನೂ ಇಳಿಸುತ್ತಾರೆ. ಆಂಧ್ರಕ್ಕಿಂತ ನಮ್ಮಲ್ಲಿ ಲೀಟರಿಗೆ ಕೆಲವು ರೂಪಾಯಿ ಕಡಿಮೆ, ಅದಕ್ಕೇ ಗಡಿ ದಾಟಿ ಬಂದವರು ಬಾಯಿವರೆಗೂ ತುಂಬಿಸಿಕೊಂಡು ಹೋಗುತ್ತಾರೆ. ನಮ್ಮವರು ಸೆಪ್ಟೆಂಬರ್ 8ರ ಹಬ್ಬಕ್ಕೆ ವೇಲಾಂಕಣಿಗೆ ಹೊರಡುವ ಹಿಂದಿನ ದಿನ ಮಾಡುವುದೂ ಇದನ್ನೇ.

ಇದರಿಂದ ಎರಡು ತೊಂದರೆ. ಒಂದು, ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ. ಬಂಕಿನ ಪೆಟ್ರೋಲ್ ನೆಲದ ಕೆಳಗಿನ ಟ್ಯಾಂಕಿನಿಂದ ತಣ್ಣಗೆ ಬರುತ್ತದೆ. ಒಂದು ಡಿಗ್ರಿ ಬಿಸಿ ಏರಿದರೆ ಸಾವಿರ ಲೀಟರಿಗೆ ಸುಮಾರು ಒಂದು ಲೀಟರ್ ಹಿಗ್ಗುತ್ತದೆ ಎಂದಿಟ್ಟುಕೊಳ್ಳಿ. 40 ಲೀಟರಿನ ಟ್ಯಾಂಕ್ ಏಪ್ರಿಲ್ ಬಿಸಿಲಿನಲ್ಲಿ ನಿಂತು 15 ಡಿಗ್ರಿ ಬಿಸಿಯಾದರೆ ಅರ್ಧ ಲೀಟರಿಗಿಂತ ಜಾಸ್ತಿ ಪೆಟ್ರೋಲಿಗೆ ಜಾಗವೇ ಇಲ್ಲದಂತಾಗುತ್ತದೆ. ಎರಡನೆಯದು, ಈಗಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಇದ್ದಿಲು ತುಂಬಿದ ಒಂದು ಡಬ್ಬ ಇರುತ್ತದೆ. ಮೆಕ್ಯಾನಿಕ್‌ಗಳು ಕ್ಯಾನಿಸ್ಟರ್ ಅನ್ನುತ್ತಾರೆ. ಟ್ಯಾಂಕಿನಲ್ಲಿ ಏಳುವ ಆವಿಯನ್ನು ಆ ಇದ್ದಿಲು ಹಿಡಿದಿಟ್ಟುಕೊಳ್ಳುತ್ತದೆ, ಗಾಡಿ ಓಡುವಾಗ ಎಂಜಿನ್ ಅದನ್ನು ಎಳೆದುಕೊಂಡು ಸುಡುತ್ತದೆ. ಇದ್ದಿಲು ಇರುವುದು ಆವಿಗೆ. ಕುತ್ತಿಗೆವರೆಗೂ ತುಂಬಿಸಿದರೆ ಪೆಟ್ರೋಲೇ ಡಬ್ಬಕ್ಕೆ ನುಗ್ಗಿ ಇದ್ದಿಲು ನೆನೆದು ಕೆಡುತ್ತದೆ. ಆಮೇಲೆ ಫುಲ್ ಮಾಡಿಸಿದಾಗಲೆಲ್ಲ ವಾಸನೆ, ಬಂಕಿನಿಂದ ಹೊರಡುವಾಗ ಸೆಲ್ಫ್ ಹೊಡೆದರೂ ಗಾಡಿ ಬೇಗ ಸ್ಟಾರ್ಟ್ ಆಗದೆ ಇರುವುದು ಶುರುವಾಗುತ್ತದೆ. ನಲವತ್ತು ರೂಪಾಯಿ ರೌಂಡ್ ಮಾಡಿಸಲು ಹೋಗಿ ಡಬ್ಬವನ್ನೇ ಬದಲಿಸಬೇಕಾಗುತ್ತದೆ.

ಎಲ್ಲಿಂದ ಬರುತ್ತಿದೆ ಎಂದು ನೋಡುವುದು ಹೇಗೆ?

ಮೊದಲು ಡಿಕ್ಕಿ ತೆಗೆದು ನೋಡಿ. ತಮಾಷೆಗೆ ಹೇಳುತ್ತಿಲ್ಲ. ಟೊಮೇಟೊ ತೋಟಕ್ಕೆ ಔಷಧಿ ಹೊಡೆಯುವ ಮಿಷನ್ನಿಗೆ, ಹುಲ್ಲು ಕತ್ತರಿಸುವ ಮಿಷನ್ನಿಗೆ ಅಂತ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತಂದು ಸೀಟಿನ ಹಿಂದೆ ಇಟ್ಟು ಮರೆತಿರುತ್ತಾರೆ. ಪ್ಲಾಸ್ಟಿಕ್ ಬಾಟಲಿ ಪೆಟ್ರೋಲಿಗೆ ಸರಿಯಾದ ಪಾತ್ರೆಯೇ ಅಲ್ಲ. ಬಿಸಿಲಿಗೆ ಉಬ್ಬುತ್ತದೆ, ಮುಚ್ಚಳದ ಸಂದಿಯಿಂದ ಆವಿ ಬರುತ್ತದೆ.

ಅದಿಲ್ಲದಿದ್ದರೆ ಪೆಟ್ರೋಲ್ ಹಾಕುವ ಬಾಯಿ ನೋಡಿ. ಹಾಕುವಾಗ ಚೆಲ್ಲಿದ್ದರೆ ನೀರಿನಿಂದ ತೊಳೆದು ಒದ್ದೆ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತಿಗೆ ವಾಸನೆ ಹೋಗಬೇಕು. ಮುಚ್ಚಳದ ಒಳಗಿನ ರಬ್ಬರ್ ವಾಷರ್ ಒಡೆದಿದೆಯೇ, ಗಟ್ಟಿಯಾಗಿದೆಯೇ ಎಂದು ಬೆರಳಲ್ಲಿ ಮುಟ್ಟಿ ನೋಡಿ. ಮುಚ್ಚಳ ಕಳೆದುಹೋಗಿ ಬಟ್ಟೆ ತುರುಕಿಕೊಂಡು, ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಓಡಿಸುವ ಗಾಡಿಗಳನ್ನು ನಾನು ನೋಡಿದ್ದೇನೆ. ಆ ಬಟ್ಟೆ ದೀಪದ ಬತ್ತಿ ಇದ್ದ ಹಾಗೆ. ಅದೇ ಗಾಡಿಯ ಮುಚ್ಚಳ ಹೊಸದು ಹಾಕಿಸಿ. ಎಲ್ಲಾ ರಿಪೇರಿಗಿಂತ ಇದು ಅಗ್ಗ.

ಆಮೇಲೆ ಮೂಗಿಗೆ ಕೆಲಸ. ಹಿಂದಿನ ಸೀಟು ಎತ್ತಿದಾಗ ವಾಸನೆ ಜಾಸ್ತಿಯಾದರೆ ಟ್ಯಾಂಕಿನ ತಲೆಯ ಮೇಲೆ ಅನುಮಾನ ಪಡಬೇಕು. ಇಂಜೆಕ್ಷನ್ ಇರುವ ಕಾರುಗಳಲ್ಲಿ ಪೆಟ್ರೋಲ್ ಪಂಪ್ ಟ್ಯಾಂಕಿನ ಒಳಗೇ ಕೂತಿರುತ್ತದೆ, ಅದರ ಸುತ್ತ ಒಂದು ರಬ್ಬರ್ ರಿಂಗ್ ಇರುತ್ತದೆ. ಪಂಪ್ ಬಿಚ್ಚಿ ಕ್ಲೀನ್ ಮಾಡಿದವರು ಹಳೇ ರಿಂಗನ್ನೇ ಹಾಕಿ ಮುಚ್ಚಿದರೆ ಅದು ಸರಿಯಾಗಿ ಕೂರುವುದಿಲ್ಲ. ಏಕೆಂದರೆ ಪೆಟ್ರೋಲಿನಲ್ಲಿ ನೆನೆದ ರಬ್ಬರ್ ಊದಿಕೊಂಡಿರುತ್ತದೆ. ಪಂಪ್ ಬಿಚ್ಚಿದಾಗಲೆಲ್ಲ ರಿಂಗ್ ಹೊಸದೇ ಹಾಕಿ ಅಂತ ಕೇಳಿ ಹಾಕಿಸಿ. ಅದೇ ಮುಂದಿನ ಫ್ಯಾನ್ ಹಾಕಿದಾಗ ಮಾತ್ರ ವಾಸನೆ ಬಂದರೆ ಬಾನೆಟ್ ಕಡೆಯ ಪೈಪು, ಕ್ಲಿಪ್ಪುಗಳನ್ನು ನೋಡಬೇಕು. ಈ ಲೀಕಿಗೂ ಟ್ಯಾಂಕ್ ತುಂಬಿದ್ದಕ್ಕೂ ಸಂಬಂಧವಿಲ್ಲ, ಯಾವಾಗಲೂ ಬರುತ್ತದೆ. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಎಂಜಿನ್ನಿನ ವಾಸನೆ ನೇರವಾಗಿ ಒಳಗೆ ಬರುತ್ತದೆ, ಅಲ್ಲಿ ಸೀಟು ಎತ್ತಿಯೇ ನೋಡಬೇಕು. ಗ್ಯಾಸ್ ಕಿಟ್ ಇರುವ ಗಾಡಿಯಲ್ಲಿ ಕೊಳೆತ ಈರುಳ್ಳಿಯಂಥ ವಾಸನೆ ಬಂದರೆ ಅದು ಪೆಟ್ರೋಲ್ ಅಲ್ಲ, ಗ್ಯಾಸು. ಅದಕ್ಕೆ ತಕ್ಷಣ ಇಳಿಯುವುದೊಂದೇ ದಾರಿ.

ಕೆಳಗೆ ತೊಟ್ಟಿಕ್ಕುತ್ತಿದೆಯೇ ಎಂದು ತಿಳಿಯಲು ಬಯಲಿನಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಅಡಿಯಲ್ಲಿ ಒಣ ರಟ್ಟು ಹಾಸಿ. ಅರ್ಧ ಗಂಟೆಯೊಳಗೆ ತೆಗೆದು ನೋಡಿ. ಬೆಳಿಗ್ಗೆ ನೋಡೋಣ ಅಂದರೆ ಪೆಟ್ರೋಲ್ ಆರಿಹೋಗಿ ತೆಳು ಕಲೆ ಮಾತ್ರ ಉಳಿದಿರಬಹುದು. ರಟ್ಟಿನ ಮೇಲೆ ಎಲ್ಲಿ ಒದ್ದೆಯಾಗಿದೆಯೋ ಅದರ ನೇರ ಮೇಲೆ ಅಥವಾ ಸ್ವಲ್ಪ ಆಚೀಚೆ ಲೀಕ್ ಇರುತ್ತದೆ. ಬಗ್ಗಿ ನೋಡಲು ಟಾರ್ಚ್ ಇರಲಿ. ಬೆಂಕಿಕಡ್ಡಿ ಗೀರಿ ನೋಡಿದವರೂ ಇದ್ದಾರೆ!

ಇನ್ನೊಂದು ಮಾತು. ಪೆಟ್ರೋಲ್ ವಾಸನೆಗೆ ಮೂಗು ಬೇಗ ಒಗ್ಗಿಹೋಗುತ್ತದೆ. ದಿನವಿಡೀ ಕೂತ ಡ್ರೈವರ್‌ಗೆ ಗೊತ್ತಾಗುವುದಿಲ್ಲ. ಈಗ ತಾನೇ ಹತ್ತಿದವರನ್ನು ಕೇಳಿ. ಹತ್ತುವವರೂ ಸಂಕೋಚ ಬಿಟ್ಟು ಹೇಳಿ.

ವಾಸನೆ ಅಷ್ಟೇ ತಾನೇ ಅನ್ನುವವರಿಗೆ

ವಾಸನೆ ಬಂದ ಕೂಡಲೇ ಗಾಡಿ ಸಿಡಿಯುತ್ತೆ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಬೆಂಕಿ ಹಿಡಿಯುವಷ್ಟು ಆವಿ ಸೇರುವುದಕ್ಕಿಂತ ಬಹಳ ಮೊದಲೇ ನಮ್ಮ ಮೂಗಿಗೆ ಗೊತ್ತಾಗುತ್ತದೆ. ಅದು ದೇವರು ಕೊಟ್ಟ ಎಚ್ಚರಿಕೆ ಗಂಟೆ. ಆದರೆ ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಪೆಟ್ರೋಲ್ ಆವಿ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಹಾಗಾಗಿ ಮೇಲೆ ಹೋಗದೆ ಗಾಡಿಯ ನೆಲದಲ್ಲಿ, ಗ್ಯಾರೇಜಿನ ಗುಂಡಿಯಲ್ಲಿ ಕೂತುಬಿಡುತ್ತದೆ. ಪೆಟ್ರೋಲ್ ಲೀಕ್ ಇರುವ ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ ಕೆಲಸ ಮಾಡಬಾರದು.

ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಎಲ್ಲಾ ಧರ್ಮದವರೂ ದೂರದಿಂದ ಗಾಡಿ ಮಾಡಿಕೊಂಡು ಬರುತ್ತಾರೆ. ಬೆಳಿಗ್ಗೆ ಗಾಡಿ ತೆಗೆಯುವಾಗ ಊದುಬತ್ತಿ ಹಚ್ಚುವುದು ನಮ್ಮ ಕಡೆಯ ಡ್ರೈವರ್‌ಗಳೆಲ್ಲರ ಪದ್ಧತಿ. ನಮ್ಮವರೂ ಕಡಿಮೆಯಿಲ್ಲ, ಡ್ಯಾಶ್‌ಬೋರ್ಡಿನ ಮೇಲಿನ ಮಾತೆಯ ಸ್ವರೂಪದ ಮುಂದೆ ಮೇಣದಬತ್ತಿ ಹಚ್ಚಿದ ಗಾಡಿಯಲ್ಲಿ ನಾನೇ ಕೂತಿದ್ದೇನೆ. ಭಕ್ತಿಗೆ ನಾನು ಅಡ್ಡ ಬರುವುದಿಲ್ಲ. ಊದುಬತ್ತಿಯ ಕೆಂಡಕ್ಕಿಂತ ಅದನ್ನು ಹಚ್ಚಲು ಗೀರುವ ಕಡ್ಡಿಯ ಜ್ವಾಲೆಯೇ ದೊಡ್ಡ ಅಪಾಯ. ಪೆಟ್ರೋಲ್ ವಾಸನೆ ಇರುವ ದಿನ ಗಾಡಿಯ ಹೊರಗೆ ದೂರ ನಿಂತು ಪ್ರಾರ್ಥನೆ ಮಾಡಿ ಬನ್ನಿ. ಸೆಂಟ್ ಹೊಡೆಯುವುದು, ನಿಂಬೆಹಣ್ಣು ಇಡುವುದು ಕೂಡ ವಾಸನೆಯನ್ನು ಮುಚ್ಚುತ್ತದೆಯೇ ಹೊರತು ಆವಿಯನ್ನು ತೆಗೆಯುವುದಿಲ್ಲ.

ಆರೋಗ್ಯದ ಮಾತು ಬೇರೆ. ಮುಚ್ಚಿದ ಗಾಡಿಯಲ್ಲಿ ಈ ಆವಿ ಕುಡಿದರೆ ತಲೆನೋವು, ತಲೆಸುತ್ತು, ವಾಕರಿಕೆ, ಕಣ್ಣುರಿ ಬರುತ್ತದೆ. ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ಒಂದು ಪಾಲಿನವರೆಗೆ ಬೆಂಜೀನ್ ಇರಲು ಅವಕಾಶವಿದೆ. ಇದು ರಕ್ತ ತಯಾರಾಗುವ ಮೂಳೆಮಜ್ಜೆಗೆ ಹಾನಿ ಮಾಡುವ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2025ರಲ್ಲಿ ಪೆಟ್ರೋಲನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಒಂದು ದಿನದ ವಾಸನೆಯಿಂದ ಕ್ಯಾನ್ಸರ್ ಬರುತ್ತದೆ ಎಂದಲ್ಲ. ಆದರೆ ದಿನಾ ಅದೇ ಗಾಡಿಯಲ್ಲಿ ಶಾಲೆಗೆ ಹೋಗುವ ಮಕ್ಕಳು, ದಿನಾ ಅದನ್ನೇ ಓಡಿಸುವ ಡ್ರೈವರ್ ಇದ್ದಾರಲ್ಲ, ಅವರ ಬಗ್ಗೆ ಯೋಚಿಸಬೇಕು.

ಮೆಕ್ಯಾನಿಕ್ ಹತ್ತಿರ

ರಬ್ಬರ್ ಪೈಪ್ ಬದಲಿಸುವಾಗ ಪೆಟ್ರೋಲಿಗೆಂದೇ ಮಾಡಿದ ಪೈಪ್ ಹಾಕಿಸಿ. ನೀರಿನ ಪೈಪ್ ತುಂಡು ಹಾಕಿದರೆ ಕೆಲವೇ ದಿನಕ್ಕೆ ಮೆತ್ತಗಾಗುತ್ತದೆ. ಎರಡೂ ತುದಿಯ ಕ್ಲಿಪ್ ಹೊಸದಿರಲಿ. ಹಳೇ ಗಾಡಿಗಳವರು ಇದನ್ನು ಈಗ ಇನ್ನಷ್ಟು ಗಮನಿಸಬೇಕು. ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲನ್ನು ಪ್ರಧಾನಿಯವರು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು, 2025ರ ಹೊತ್ತಿಗೆ ದೇಶದಾದ್ಯಂತ ಬೆರಕೆ ಆ ಪ್ರಮಾಣ ಮುಟ್ಟಿತು. ಕೆಲವು ಹಳೆಯ ವಾಹನಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಸರ್ವಿಸ್ ಮಾಡಿಸುವಾಗಲೇ ಈ ಪೈಪುಗಳನ್ನು ಒಮ್ಮೆ ಬಗ್ಗಿಸಿ ನೋಡಲು ಹೇಳಿ, ಬಿರುಕು ಬಿಟ್ಟಿದ್ದರೆ ಆಗ ಕಾಣುತ್ತದೆ.

ತುಕ್ಕು ಹಿಡಿದ ಟ್ಯಾಂಕಿಗೆ ಸ್ನಾನದ ಸೋಪು ತಿಕ್ಕಿ ಜಿನುಗುವುದನ್ನು ನಿಲ್ಲಿಸುವ ಹಳೇ ಉಪಾಯ ಎಲ್ಲರಿಗೂ ಗೊತ್ತು. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಹಾಗಾಗಿ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅದು ನಡುದಾರಿಯ ಉಪಾಯವೇ ಹೊರತು ರಿಪೇರಿ ಅಲ್ಲ. ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವವರಿಗೆ ಒಂದು ಮಾತು. ಖಾಲಿ ಟ್ಯಾಂಕ್ ಅಂದರೆ ಭಯವಿಲ್ಲ ಎಂದುಕೊಳ್ಳಬೇಡಿ. ಪೆಟ್ರೋಲ್ ಚೆಲ್ಲಿದ ಮೇಲೂ ಒಳಗೆ ಆವಿ ತುಂಬಿರುತ್ತದೆ, ತುಂಬಿದ ಟ್ಯಾಂಕಿಗಿಂತ ಅದೇ ಬೇಗ ಸಿಡಿಯುತ್ತದೆ. ಟ್ಯಾಂಕ್ ಬದಲಿಸುವುದೇ ಮೇಲು.

ಟ್ಯಾಂಕ್ ಖಾಲಿ ಮಾಡಲು ಪೈಪ್ ಇಟ್ಟು ಬಾಯಲ್ಲಿ ಎಳೆಯುವುದನ್ನು ದಯವಿಟ್ಟು ನಿಲ್ಲಿಸಿ. ಗ್ಯಾರೇಜಿನ ಚಿಕ್ಕ ಹುಡುಗರ ಕೈಲೇ ಈ ಕೆಲಸ ಮಾಡಿಸುತ್ತಾರೆ, ನನಗೆ ತುಂಬಾ ಸಿಟ್ಟು ಬರುವುದು ಇಲ್ಲಿ. ಒಂದು ಗುಟುಕು ತಪ್ಪಿ ಶ್ವಾಸಕೋಶಕ್ಕೆ ಹೋದರೆ ಉಸಿರಾಟವೇ ಕಷ್ಟವಾಗುವಂಥ ನ್ಯುಮೋನಿಯಾ ಆಗುತ್ತದೆ. ನುಂಗಿದವರಿಗೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ, ವಾಂತಿಯಲ್ಲಿ ಮತ್ತೆ ಶ್ವಾಸಕೋಶಕ್ಕೆ ಹೋಗುತ್ತದೆ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೈಯಲ್ಲಿ ಒತ್ತುವ ಪಂಪ್ ಅಂಗಡಿಯಲ್ಲಿ ಸಿಗುತ್ತದೆ.

ದಾರಿಯಲ್ಲಿ ಹೋಗುವಾಗ ಇದ್ದಕ್ಕಿದ್ದಂತೆ ವಾಸನೆ ಗಾಢವಾದರೆ ಪಕ್ಕಕ್ಕೆ ನಿಲ್ಲಿಸಿ, ಕೀ ಆರಿಸಿ, ಬಾಗಿಲು ತೆರೆದು ಎಲ್ಲರನ್ನೂ ಇಳಿಸಿ, ಗಾಳಿ ಬರುತ್ತಿರುವ ದಿಕ್ಕಿಗೆ ಮುಖ ಮಾಡಿ ದೂರ ನಡೆಯಿರಿ. ಸಾಮಾನು ತೆಗೆಯಲು ವಾಪಸ್ ಹೋಗಬೇಡಿ. ಬೆಂಕಿ ಕಂಡರೆ 112ಕ್ಕೆ ಫೋನ್ ಮಾಡಿ. ಪೆಟ್ರೋಲ್ ಬೆಂಕಿಗೆ ನೀರು ಎರಚಬೇಡಿ, ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಇನ್ನೂ ಸಣ್ಣದಿದ್ದರೆ ಒಣ ಮಣ್ಣು, ಮರಳು ಆಗುತ್ತದೆ.

ನಮ್ಮ ಓಮ್ನಿಗೆ ಹೊಸ ಪೈಪ್ ಹಾಕಿಸಿ, ಕಡಲೆಕಾಯಿ ಮೂಟೆಗಳನ್ನು ಶೆಡ್ಡಿನಿಂದ ಬೇರೆ ಕೋಣೆಗೆ ಸಾಗಿಸಿದೆವು. ಆಮೇಲೆ ಬೇಕೆಂದೇ ಟ್ಯಾಂಕ್ ಫುಲ್ ಮಾಡಿಸಿ, ಟಕ್ ಅಂದ ಕೂಡಲೇ ಸಾಕು ಎಂದು ಹೇಳಿ, ಬಯಲಿನಲ್ಲಿ ಮುಚ್ಚಿ ನಿಲ್ಲಿಸಿದೆವು. ರಟ್ಟು ಒಣಗೇ ಇತ್ತು. ಆದರೂ ನಮ್ಮ ಮೂಗುಗಳ ಮೇಲೆ ನನಗೆ ನಂಬಿಕೆ ಉಳಿದಿರಲಿಲ್ಲ. ಆ ಹುಡುಗಿಯ ಅತ್ತೆಯನ್ನೇ ಕರೆಸಿ, ಬಾಗಿಲು ತೆಗೆದು, “ಒಳಗೆ ಕೂತು ನೋಡಿ ಹೇಳಮ್ಮ, ಸಂಕೋಚ ಬೇಡ” ಅಂದೆ. ಅವರು ಹಿಂದಿನ ಸೀಟಿನಲ್ಲಿ ಕೂತು, ಎರಡು ಸಲ ಉಸಿರೆಳೆದುಕೊಂಡು, “ಈಗ ಬರೀ ಕಡಲೆಕಾಯಿ ವಾಸನೆ ಸಿಸ್ಟರಮ್ಮ” ಅಂದರು.